ಹಳೆಯ ಹೆಸರನ್ನು ತಿದ್ದುವ ಮೊದಲು

ಹಾಸನದ ಹೊರವಲಯದ ಕಾಫಿಯ ಸಿಪ್ಪೆ ತೆಗೆದು ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ಗಾಗಿ ನಾನು 2009ರಲ್ಲಿ, ಜಾಲತಾಣಗಳಿಗೆ ಬಳಸುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟ ಪ್ರೋಗ್ರಾಮೊಂದು ಇಂದಿಗೂ ಬಳಕೆಯಲ್ಲಿದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ಬೆಳೆಗಾರರು ತಂದಿಳಿಸುವ ಚೆರ್ರಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ಮತ್ತು ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ) ಮೂಟೆಗಳ ತೂಕ, ತೇವಾಂಶ, ಔಟ್‌ಟರ್ನ್ (ಅದರಿಂದ ಸಿಗುವ ಶುದ್ಧ ಬೀಜದ ಪ್ರಮಾಣ) ಇವನ್ನು ದಿನವೂ ದಾಖಲಿಸುವುದು ಅದರ ಕೆಲಸ. ಹಂಗಾಮು ಮುಗಿದ ಮೇಲೆ, ವರ್ಷಕ್ಕೊಮ್ಮೆ ಮಾತ್ರ, ಅದು ಪ್ರತಿಯೊಬ್ಬ ಬೆಳೆಗಾರರ ಲಾಟ್ ಸಂಖ್ಯೆಗಳನ್ನು ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಜೋಡಿಸಿ, ಇಡೀ ಹಂಗಾಮಿನ ಲೆಕ್ಕದ ಪಟ್ಟಿಯನ್ನು ಮುದ್ರಿಸಿಕೊಡುತ್ತದೆ. 2021ರ ಮಳೆಗಾಲದಲ್ಲಿ ಹೋಸ್ಟಿಂಗ್‌ನವರು ಸರ್ವರ್‌ನಲ್ಲಿದ್ದ ಪಿಎಚ್‌ಪಿಯನ್ನು 7.2ರಿಂದ ನೇರವಾಗಿ 8ಕ್ಕೆ ಏರಿಸಿದರು. ದಿನನಿತ್ಯದ ಪುಟಗಳೆಲ್ಲ ಎಂದಿನಂತೆ ನಡೆದವು. ನವೆಂಬರ್‌ನಿಂದ ಮಾರ್ಚ್‌ವರೆಗಿನ ಕೊಯ್ಲಿನ ಗಡಿಬಿಡಿಯಲ್ಲಿಯೂ ಒಂದು ತೊಂದರೆ ಕಾಣಲಿಲ್ಲ. ಏಪ್ರಿಲ್‌ನಲ್ಲಿ ಲೆಕ್ಕದ ಪಟ್ಟಿ ತೆಗೆಯಲು ಹೋದಾಗ ಪುಟ ತೆರೆಯಲೇ ಇಲ್ಲ. ನನಗೆ ಸುದ್ದಿ ತಲುಪುವ ಹೊತ್ತಿಗೆ ಕಚೇರಿಯ ಗುಮಾಸ್ತರು ಎರಡು ದಿನ ಕುಳಿತು ನಲವತ್ತು ಪಟ್ಟಿಗಳನ್ನು ಕೈಯಲ್ಲಿ ಬರೆದಿದ್ದರು.

ಕಾರಣ ಕೋಡ್‌ನ ಒಂದೇ ಒಂದು ಸಾಲಿನಲ್ಲಿತ್ತು. ಪಿಎಚ್‌ಪಿಯಲ್ಲಿ ತುಂಡುಗಳನ್ನು ಒಂದುಗೂಡಿಸಿ ಸಾಲು (ಅಕ್ಷರಗಳ ಸರಣಿ) ಮಾಡುವ ಫಂಕ್ಷನ್‌ಗೆ, ಅಂದರೆ ಹೆಸರು ಹಿಡಿದು ಕರೆಯುವ ಸಿದ್ಧ ಆಜ್ಞೆಗೆ, ‘ಇಂಪ್ಲೋಡ್’ ಎಂದು ಹೆಸರು. ಸಾಲನ್ನು ಒಡೆದು ತುಂಡು ಮಾಡುವುದಕ್ಕೆ ‘ಎಕ್ಸ್‌ಪ್ಲೋಡ್’ ಎಂದು ಹೆಸರು. ಎಕ್ಸ್‌ಪ್ಲೋಡ್‌ಗೆ ಮೊದಲು ವಿಭಜಕ ಚಿಹ್ನೆಯನ್ನೂ ಆಮೇಲೆ ಸಾಲನ್ನೂ ಕೊಡಬೇಕು. ಇಂಪ್ಲೋಡ್ ಮಾತ್ರ ಬಹಳ ಕಾಲದಿಂದ ಎರಡೂ ಕ್ರಮವನ್ನು ಒಪ್ಪಿಕೊಳ್ಳುತ್ತಿತ್ತು: ಚಿಹ್ನೆ ಮೊದಲು ಬಂದರೂ ಸರಿ, ತುಂಡುಗಳ ಪಟ್ಟಿ, ಅಂದರೆ ಅರೇ, ಮೊದಲು ಬಂದರೂ ಸರಿ. ನಾನು ಅರೇಯನ್ನು ಮೊದಲು ಬರೆದಿದ್ದೆ. ಇಂಪ್ಲೋಡ್ ತನ್ನ ಜೋಡಿಯಂತೆಯೇ ಇರಲಿ ಎಂಬ ಉದ್ದೇಶದಿಂದ ನವೆಂಬರ್ 2019ರ 7.4ನೆಯ ಆವೃತ್ತಿಯಲ್ಲಿ ಆ ಹಿಂದುಮುಂದಿನ ಕ್ರಮಕ್ಕೆ ಎಚ್ಚರಿಕೆ ನೀಡಲಾಯಿತು, ನವೆಂಬರ್ 2020ರ 8.0ರಲ್ಲಿ ಅದನ್ನು ತೆಗೆದುಹಾಕಲಾಯಿತು. ನಮ್ಮ ಸರ್ವರ್ 7.4ನ್ನು ಕಂಡೇ ಇರಲಿಲ್ಲವಾದ್ದರಿಂದ ಆ ಎಚ್ಚರಿಕೆಯೂ ನಮಗೆ ಕಾಣಲಿಲ್ಲ. ತಿದ್ದುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಆ ಒಂದು ನಿಮಿಷದ ಹಿಂದಿರುವ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಬದಲಾವಣೆ ಮಾಡಿದವರ ಉದ್ದೇಶ ಸರಿಯಾಗಿತ್ತು. ಹೊಸದಾಗಿ ಕಲಿಯುವವರಿಗೆ ಜೋಡಿ ಫಂಕ್ಷನ್‌ಗಳೆರಡೂ ಒಂದೇ ರೀತಿ ನಡೆದುಕೊಳ್ಳುವುದು ನಿಜಕ್ಕೂ ಉಪಕಾರ. ಹಾಗಾದರೆ ಗುಮಾಸ್ತರ ಆ ಎರಡು ದಿನಗಳನ್ನು ಯಾವ ಲೆಕ್ಕಕ್ಕೆ ಬರೆಯಬೇಕು?

ಪ್ರೋಗ್ರಾಮಿಂಗ್ ಭಾಷೆಯೊಂದಿಗೆ ಸಿದ್ಧವಾಗಿಯೇ ಬರುವ ಫಂಕ್ಷನ್‌ಗಳ ಭಂಡಾರವನ್ನು ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಾರೆ. ಸಾಲಿನ ಉದ್ದ ಅಳೆಯುವುದು, ಫೈಲ್ ತೆರೆಯುವುದು, ದಿನಾಂಕ ಲೆಕ್ಕ ಹಾಕುವುದು ಇಂಥ ಕೆಲಸಗಳನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯಬೇಕಾಗಿಲ್ಲ. ಹೆಸರು ಹಿಡಿದು ಕರೆದರೆ ಸಾಕು. ಬೇರೆ ಲೈಬ್ರರಿಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹೊರಗಿನಿಂದ ತಂದುಕೊಂಡ ಲೈಬ್ರರಿ ಬೇಡವೆನಿಸಿದರೆ ಹಳೆಯ ಆವೃತ್ತಿಯಲ್ಲಿಯೇ ಉಳಿಯಬಹುದು ಅಥವಾ ಇನ್ನೊಂದನ್ನು ಆರಿಸಬಹುದು. ಸ್ಟ್ಯಾಂಡರ್ಡ್ ಲೈಬ್ರರಿ ಮಾತ್ರ ಭಾಷೆಯ ಜೊತೆಗೇ ಬದಲಾಗುತ್ತದೆ, ಮತ್ತು ಭದ್ರತೆಯ ತಿದ್ದುಪಡಿಗಳಿಗಾಗಿ ಭಾಷೆಯನ್ನು ಎಂದಾದರೊಂದು ದಿನ ಏರಿಸಲೇಬೇಕು. ಆದ್ದರಿಂದ ಅಲ್ಲಿರುವ ಒಂದೊಂದು ಹೆಸರೂ, ಅದನ್ನು ಇಟ್ಟವರು ಎಂದೂ ಮುಖ ನೋಡಿರದ ಲಕ್ಷಾಂತರ ಜನರಿಗೆ ಕೊಟ್ಟ ಮಾತಿನಂತೆ ಆಗಿಬಿಡುತ್ತದೆ. ಹೆಸರುಗಳೆಲ್ಲ ಒಂದೇ ಪದ್ಧತಿಯಲ್ಲಿರಬೇಕು ಎಂಬುದು ಒಂದು ಒಳ್ಳೆಯ ಗುರಿ. ನಿನ್ನೆ ಬರೆದ ಕೋಡ್ ನಾಳೆಯೂ ನಡೆಯಬೇಕು ಎಂಬುದು ಇನ್ನೊಂದು ಒಳ್ಳೆಯ ಗುರಿ. ಇವೆರಡೂ ಎದುರುಬದುರಾಗುವುದು ಹಳೆಯ ಹೆಸರಿನಲ್ಲಿ ಕೊರತೆಯಿದ್ದಾಗ.

ಅಂಥ ಹೆಸರುಗಳು ಹುಟ್ಟಿದ್ದಾದರೂ ಹೇಗೆ? ಅಜಾಗರೂಕತೆಯಿಂದ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಬಹುಮಟ್ಟಿಗೆ ಬೇರೆಯೇ ಸಂಗತಿ ಕಾಣುತ್ತದೆ: ಇಂದು ಹೊಂದದ ಹೆಸರು ಅಂದು ಮತ್ತೇನಕ್ಕೋ ಚೆನ್ನಾಗಿ ಹೊಂದುತ್ತಿತ್ತು. ಸಿ ಭಾಷೆಯ ‘ಸ್ಟ್ರ್‌ಲೆನ್’, ‘ಸ್ಟ್ರ್‌ಸಿಪಿವೈ’, ‘ಮೆಮ್‌ಸಿಪಿವೈ’ಯಂಥ ಸ್ವರ ನುಂಗಿದ ಹೆಸರುಗಳನ್ನು ನೋಡಿ ವಿದ್ಯಾರ್ಥಿಗಳು ಮುಖ ಸಿಂಡರಿಸುತ್ತಾರೆ. ಆದರೆ ಆ ಕಾಲದ ಎಷ್ಟೋ ಯಂತ್ರಗಳಲ್ಲಿ ಪ್ರೋಗ್ರಾಮಿನ ಭಾಗಗಳನ್ನು ಜೋಡಿಸುವ ಲಿಂಕರ್‌ಗಳು ಹೆಸರಿನ ಮೊದಲ ಆರು ಅಕ್ಷರಗಳನ್ನಷ್ಟೇ ಗಮನಿಸುತ್ತಿದ್ದವು. 1989ರ ಸಿ ಮಾನಕವೂ ಫೈಲ್‌ಗಳ ನಡುವೆ ಹಂಚಿಕೊಳ್ಳುವ ಹೆಸರುಗಳಿಗೆ ಆರು ಅಕ್ಷರಗಳಷ್ಟೇ ಭರವಸೆ ಕೊಟ್ಟಿತ್ತು. ಆ ಮಿತಿಯೊಳಗೆ ಇದಕ್ಕಿಂತ ಅಚ್ಚುಕಟ್ಟಾದ ಹೆಸರು ಇಡುವುದು ಕಷ್ಟ.

ಪಿಎಚ್‌ಪಿಯ ಕಥೆ ಇದರ ಮುಂದುವರಿಕೆ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಅದನ್ನು ಹೊರತಂದಾಗ ಅದು ಸಿ ಭಾಷೆಯ ಲೈಬ್ರರಿಗಳ ಮೇಲಿನ ತೆಳುವಾದ ಹೊದಿಕೆಯಾಗಿತ್ತು. ಕೆಳಗಿನ ಲೈಬ್ರರಿಯಲ್ಲಿ ಯಾವ ಹೆಸರಿತ್ತೋ ಮೇಲೆಯೂ ಅದೇ ಹೆಸರು ಬಂತು. ಒಂದು ಸಾಲಿನೊಳಗೆ ಇನ್ನೊಂದನ್ನು ಹುಡುಕುವ ‘ಸ್ಟ್ರ್‌ಪಾಸ್’ ಸಿ ಭಾಷೆಯ ರೂಢಿಯಂತೆ, ಎಲ್ಲಿ ಹುಡುಕಬೇಕು ಎಂಬುದನ್ನು ಮೊದಲು ಕೇಳುತ್ತದೆ, ಏನನ್ನು ಹುಡುಕಬೇಕು ಎಂಬುದನ್ನು ಆಮೇಲೆ. ಅರೇಯೊಳಗೆ ಹುಡುಕುವ ‘ಇನ್ ಅರೇ’ ಇದಕ್ಕೆ ತದ್ವಿರುದ್ಧ. ಸಾಲಿನ ಫಂಕ್ಷನ್‌ಗಳು ತಮ್ಮತಮ್ಮೊಳಗೆ ಒಂದು ಪದ್ಧತಿಯನ್ನೂ ಅರೇ ಫಂಕ್ಷನ್‌ಗಳು ತಮ್ಮತಮ್ಮೊಳಗೆ ಇನ್ನೊಂದು ಪದ್ಧತಿಯನ್ನೂ ಬಹುಮಟ್ಟಿಗೆ ಪಾಲಿಸುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗಲೇ ಗೊಂದಲ. ಪೈಥಾನ್ ಎಂಬ ಇನ್ನೊಂದು ಭಾಷೆಯಲ್ಲಿಯೂ ಹಾಗೆಯೇ. ಅಲ್ಲಿ ಫಂಕ್ಷನ್ ಹೆಸರುಗಳನ್ನು ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆಯಬೇಕೆಂದು 2001ರಲ್ಲಿ ಮೊದಲು ಬಂದ ಶೈಲಿ ಕೈಪಿಡಿ ಇಂದು ಹೇಳುತ್ತದೆ. ಆದರೆ ಅದೇ ವರ್ಷ ಲೈಬ್ರರಿಗೆ ಸೇರಿದ, ಕೋಡ್ ಪರೀಕ್ಷಿಸುವ ‘ಯೂನಿಟ್‌ಟೆಸ್ಟ್’ನ ‘ಅಸರ್ಟ್‌ಈಕ್ವಲ್’ ಜಾವಾ ಭಾಷೆಯ ಪರೀಕ್ಷಾ ಲೈಬ್ರರಿ ಜೆಯೂನಿಟ್‌ನ ಮಾದರಿಯಲ್ಲಿ ನಡುವೆ ದೊಡ್ಡ ಅಕ್ಷರ ಇಟ್ಟುಕೊಂಡು ಬಂತು. ಜಾವಾ ಬಲ್ಲವರಿಗೆ ಅದು ಪರಿಚಿತ ಹೆಸರು. ಪೈಥಾನ್ ಮಾತ್ರ ಬಲ್ಲವರಿಗೆ ಹೊರಗಿನ ಹೆಸರು. ಹೀಗಾಗಿ ಹೆಸರುಗಳು ಏಕರೂಪವಾಗಿರಲಿ ಎಂದಾಗ, ಯಾವುದರೊಂದಿಗೆ ಏಕರೂಪ ಎಂದು ಕೇಳದೆ ಮುಂದೆ ಹೋಗುವಂತಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಆ ಕೊರತೆಯ ಬೆಲೆ ಕಡಿಮೆಯೆಂದಲ್ಲ. ಹಾಸನದಲ್ಲಿ ನಾನು ಸಂಜೆ ಪಾಠ ಹೇಳುವ ವಿದ್ಯಾರ್ಥಿಗಳು ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ಇಂಗ್ಲಿಷ್ ಹೆಸರುಗಳನ್ನು ಅರ್ಥದಿಂದ ನೆನಪಿಟ್ಟುಕೊಳ್ಳುವ ಸೌಲಭ್ಯ ಅವರಿಗೆ ಕಡಿಮೆ. ಪದ್ಧತಿಯೊಂದೇ ಅವರ ಊರುಗೋಲು. ಒಂದು ಹೆಸರಿನಿಂದ ಇನ್ನೊಂದನ್ನು ಊಹಿಸಲು ಸಾಧ್ಯವಾದರೆ ಹತ್ತು ಕಲಿತವರು ನೂರನ್ನು ಬಲ್ಲರು, ಊಹೆ ಪ್ರತಿ ಸಲವೂ ಸುಳ್ಳಾದರೆ ನೂರನ್ನೂ ಬಾಯಿಪಾಠ ಮಾಡಬೇಕು. ಅದಕ್ಕಿಂತ ಕೆಟ್ಟದ್ದು ಸದ್ದಿಲ್ಲದ ತಪ್ಪು. ‘ಸಕಲೇಶಪುರ’ ಎಂಬ ಸಾಲಿನಲ್ಲಿ ‘ಪುರ’ ಇದೆಯೇ ಎಂದು ಸ್ಟ್ರ್‌ಪಾಸ್‌ಗೆ ಕೇಳುವಾಗ ಕ್ರಮ ತಪ್ಪಿದರೆ, ಅದು ‘ಪುರ’ದಲ್ಲಿ ‘ಸಕಲೇಶಪುರ’ವನ್ನು ಹುಡುಕಿ ಇಲ್ಲವೆಂದು ಉತ್ತರಿಸುತ್ತದೆ. ಎರರ್ ಬರುವುದಿಲ್ಲ, ಏಕೆಂದರೆ ಇಲ್ಲವೆಂಬುದೂ ನ್ಯಾಯವಾದ ಉತ್ತರವೇ. ಹುಡುಗಿಯೊಬ್ಬಳು ಇಂಥದೊಂದು ತಪ್ಪಿನ ಹಿಂದೆ ಒಂದು ಇಡೀ ಸಂಜೆ ಕಳೆದು, ತನಗೆ ಈ ವಿದ್ಯೆ ಹತ್ತುವುದಿಲ್ಲವೆಂದು ಹೇಳಿ ಹೊರಟುನಿಂತದ್ದು ನನಗೆ ನೆನಪಿದೆ. ಕೊರತೆ ಲೈಬ್ರರಿಯದು, ಆದರೆ ಕಲಿಯುವವರು ಅದನ್ನು ತಮ್ಮ ಕೊರತೆಯೆಂದೇ ಭಾವಿಸುತ್ತಾರೆ.

ಹಾಗಾದರೆ ತಿದ್ದುವ ದಾರಿ ಯಾವುದು? ಎಲ್ಲಕ್ಕಿಂತ ಮೃದುವಾದದ್ದು, ಹಳೆಯದನ್ನು ಇರಗೊಟ್ಟು ಹೊಸದನ್ನು ಪಕ್ಕದಲ್ಲಿ ಸೇರಿಸುವುದು. ರಸ್ಟ್ ಭಾಷೆಯಲ್ಲಿ ಸಾಲಿನ ಎಡತುದಿಯ ಖಾಲಿ ಜಾಗವನ್ನು ಕತ್ತರಿಸುವ ಫಂಕ್ಷನ್ನಿನ ಹೆಸರಿನಲ್ಲಿ ‘ಎಡ’ ಎಂಬ ಪದವಿತ್ತು. ಉರ್ದು, ಅರಬ್ಬಿಯಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಲ್ಲಿ ಸಾಲು ಆರಂಭವಾಗುವುದೇ ಬಲದಲ್ಲಿ. ಆ ಹೆಸರು ಅಲ್ಲಿ ದಾರಿ ತಪ್ಪಿಸುತ್ತದೆ. ‘ಆರಂಭ’ ಎಂಬ ಅರ್ಥದ ಹೊಸ ಹೆಸರು ಬಂತು, 2019ರಲ್ಲಿ ಹಳೆಯದರ ಮೇಲೆ ಎಚ್ಚರಿಕೆಯ ಗುರುತು ಬಿತ್ತು, ಆದರೂ ಹಳೆಯದು ಈಗಲೂ ಕೆಲಸ ಮಾಡುತ್ತದೆ. ಇದರಲ್ಲಿಯೂ ಒಂದು ಹೊರೆಯಿದೆ: ಒಂದೇ ವಸ್ತುವಿಗೆ ಎರಡು ಹೆಸರು ಎಂದರೆ ಅದೂ ಒಂದು ಬಗೆಯ ಅಸಾಂಗತ್ಯವೇ. ಹಳೆಯ ಕೋಡ್ ಓದಬೇಕಾದವರು ಎರಡನ್ನೂ ತಿಳಿದಿರಬೇಕು. ಅದಲ್ಲದೆ ಈ ದಾರಿ ಹೆಸರಿಗೆ ಒಗ್ಗುತ್ತದೆಯೇ ಹೊರತು ಆರ್ಗ್ಯುಮೆಂಟ್‌ಗಳ, ಅಂದರೆ ಫಂಕ್ಷನ್ನಿಗೆ ಕೊಡುವ ಮಾಹಿತಿಗಳ, ಕ್ರಮಕ್ಕೆ ಒಗ್ಗುವುದಿಲ್ಲ. ಸ್ಟ್ರ್‌ಪಾಸ್ ಎಂಬ ಹೆಸರನ್ನು ಹಾಗೆಯೇ ಇಟ್ಟು ಅದರ ಕ್ರಮವನ್ನು ಅದಲುಬದಲು ಮಾಡಿದರೆ ಜಗತ್ತಿನ ಹಳೆಯ ಪ್ರೋಗ್ರಾಮುಗಳೆಲ್ಲ ಎರರ್ ಕೊಡದೆ ತಪ್ಪು ಉತ್ತರ ಕೊಡಲಾರಂಭಿಸುತ್ತವೆ. ಹೆಸರು ಕಾಣೆಯಾದರೆ ಪ್ರೋಗ್ರಾಮು ನಿಲ್ಲುತ್ತದೆ, ನಿಂತದ್ದು ಕಣ್ಣಿಗೆ ಬೀಳುತ್ತದೆ. ಅರ್ಥ ಬದಲಾದರೆ ಅದು ನಡೆಯುತ್ತಲೇ ಇರುತ್ತದೆ. ಆದ್ದರಿಂದಲೇ ಪಿಎಚ್‌ಪಿಯಲ್ಲಿ ಆ ಕ್ರಮಗಳನ್ನು ಯಾರೂ ಮುಟ್ಟಿಲ್ಲ. ಬದಲಿಗೆ 8.0ರಲ್ಲಿ ಆರ್ಗ್ಯುಮೆಂಟ್‌ಗಳನ್ನು ಹೆಸರು ಹೇಳಿ ಕೊಡುವ ಅನುಕೂಲ ಬಂತು. ಹಾಗೆ ಕೊಟ್ಟಾಗ ಕ್ರಮದ ಹಂಗೇ ಇರುವುದಿಲ್ಲ. ಆದರೆ ಅಲ್ಲಿಯವರೆಗೆ ಕೈಪಿಡಿಯಲ್ಲಷ್ಟೇ ಇದ್ದ ಆರ್ಗ್ಯುಮೆಂಟ್‌ನ ಹೆಸರು ಆ ದಿನದಿಂದ ಜನರ ಕೋಡ್‌ನೊಳಗೆ ಬಂದು ಕೂರುತ್ತದೆ, ಇನ್ನು ಅದನ್ನೂ ಬದಲಿಸುವಂತಿಲ್ಲ. ಅದಕ್ಕಾಗಿ ಆವೃತ್ತಿ ಹೊರಬರುವ ಮೊದಲೇ ಆ ಹೆಸರುಗಳನ್ನು ಒಂದೊಂದಾಗಿ ಕೂತು ಏಕರೂಪಗೊಳಿಸಿದರು. ಬಾಗಿಲು ಮುಚ್ಚುವ ಮೊದಲು ಮನೆ ಗುಡಿಸಿದ ಆ ಕೆಲಸ ನನಗೆ ಬಹಳ ಹಿಡಿಸಿದ್ದು.

ಎಲ್ಲವನ್ನೂ ಒಂದೇ ಸಲ ಬದಲಿಸಿದ ಉದಾಹರಣೆಗಳೂ ಇವೆ. 2014ರಲ್ಲಿ ಬಂದ ಸ್ವಿಫ್ಟ್ ಭಾಷೆ 2016ರ ಮೂರನೆಯ ಆವೃತ್ತಿಯಲ್ಲಿ ತನ್ನ ಲೈಬ್ರರಿಯ ಹೆಸರುಗಳನ್ನು ದೊಡ್ಡ ಪ್ರಮಾಣದಲ್ಲಿ ಹೊಸ ನಿಯಮಕ್ಕೆ ಒಗ್ಗಿಸಿತು. ಭಾಷೆಗೆ ಆಗ ಎರಡೇ ವರ್ಷ. ಕೋಡ್ ಪರಿವರ್ತಿಸುವ ಸಲಕರಣೆಯನ್ನೂ ಜೊತೆಗೆ ಕೊಟ್ಟರು, ಮತ್ತು ಹೆಸರು ತಪ್ಪಿದ ಪ್ರತಿಯೊಂದು ಜಾಗವನ್ನೂ ಕಂಪೈಲರ್ (ಪ್ರೋಗ್ರಾಮನ್ನು ನಡೆಸುವ ಮುನ್ನ ಯಂತ್ರದ ಭಾಷೆಗೆ ಪರಿವರ್ತಿಸುವ ಸಲಕರಣೆ) ಮೊದಲೇ ತೋರಿಸಿಕೊಡುತ್ತಿತ್ತು. ಪೈಥಾನ್ 3 ಡಿಸೆಂಬರ್ 2008ರಲ್ಲಿ ಬಂದಾಗ ಭಾಷೆಗೆ ಹದಿನೇಳು ವರ್ಷ ಮೀರಿತ್ತು. ಪೈಥಾನ್ 2ಕ್ಕೆ ಬೆಂಬಲ ನಿಲ್ಲಿಸಲು ಜನವರಿ 1, 2020ರವರೆಗೆ ಕಾಯಬೇಕಾಯಿತು. ಆ ಹನ್ನೊಂದು ವರ್ಷಗಳ ಕಷ್ಟಕ್ಕೆ ಮುಖ್ಯ ಕಾರಣ ಹೆಸರುಗಳಲ್ಲ, ಅಕ್ಷರಗಳನ್ನೂ ಬೈಟ್‌ಗಳನ್ನೂ ಬೇರ್ಪಡಿಸಿದ್ದು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಮರುನಾಮಕರಣಗೊಂಡ ಮಾಡ್ಯೂಲ್‌ಗಳನ್ನು (ಲೈಬ್ರರಿಯ ವಿಭಾಗಗಳನ್ನು) ಪರಿವರ್ತಕ ಸಲಕರಣೆ ಬಹುಪಾಲು ತಾನೇ ತಿದ್ದುತ್ತಿತ್ತು. ಇಲ್ಲಿ ಕಂಪೈಲರ್ ಇರುವ ಭಾಷೆಗೂ ಪಿಎಚ್‌ಪಿ, ಪೈಥಾನ್‌ನಂಥ ಭಾಷೆಗೂ ಇರುವ ಅಂತರ ಮುಖ್ಯವಾಗುತ್ತದೆ. ಎರಡನೆಯ ಬಗೆಯಲ್ಲಿ ಒಂದು ಸಾಲಿನ ತಪ್ಪು ಆ ಸಾಲು ನಡೆಯುವ ಗಳಿಗೆಯಲ್ಲಿ ಮಾತ್ರ ಹೊರಬೀಳುತ್ತದೆ. ವರ್ಷಕ್ಕೊಮ್ಮೆ ನಡೆಯುವ ಸಾಲಾದರೆ ವರ್ಷಕ್ಕೊಮ್ಮೆ.

ಬ್ರೌಸರ್‌ಗಳೊಳಗೆ ನಡೆಯುವ ಭಾಷೆಯಾದ ಜಾವಾಸ್ಕ್ರಿಪ್ಟ್‌ಗಂತೂ ಎಲ್ಲವನ್ನೂ ಬದಲಿಸುವ ಅವಕಾಶವೇ ಇಲ್ಲ, ಏಕೆಂದರೆ ಹತ್ತು ವರ್ಷ ಹಿಂದೆ ಯಾರೋ ಬರೆದುಬಿಟ್ಟ ಪುಟವನ್ನು ಇಂದಿನ ಬ್ರೌಸರ್ ತೆರೆಯಬೇಕು, ಆ ಪುಟವನ್ನು ತಿದ್ದಲು ಯಾರೂ ಉಳಿದಿಲ್ಲದಿರಬಹುದು. 2018ರಲ್ಲಿ ಅರೇಗಳಿಗೆ ‘ಫ್ಲ್ಯಾಟನ್’ ಎಂಬ ಹೊಸ ಫಂಕ್ಷನ್ ಸೇರಿಸಲು ಹೊರಟಾಗ ಒಂದು ಹಳೆಯ ಜಾಲತಾಣ ಕೆಟ್ಟಿತು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರಿನ ತನ್ನದೇ ಫಂಕ್ಷನ್ ಇಟ್ಟುಕೊಂಡಿತ್ತು. ಅರೇಯ ಫಂಕ್ಷನ್‌ಗಳನ್ನು ಒಂದೊಂದಾಗಿ ಎಣಿಸಿ ಬೇರೆಡೆಗೆ ನಕಲಿಸಿಕೊಳ್ಳುತ್ತಿತ್ತು. ಬ್ರೌಸರ್‌ನಲ್ಲಿಯೇ ಆ ಹೆಸರು ಹುಟ್ಟಿಕೊಂಡ ಮೇಲೆ ಅದು ಎಣಿಕೆಗೆ ಸಿಗದಾಯಿತು, ನಕಲು ತಪ್ಪಿತು. ಕೊನೆಗೆ ಹೊಸ ಫಂಕ್ಷನ್ನಿಗೇ ‘ಫ್ಲ್ಯಾಟ್’ ಎಂದು ಹೆಸರಿಟ್ಟರು. ಹಳೆಯ ಹೆಸರನ್ನು ತೆಗೆಯುವುದಷ್ಟೇ ಅಲ್ಲ, ಹೊಸದನ್ನು ಸೇರಿಸುವುದೂ ಹಳಬರ ಬದುಕನ್ನು ತಟ್ಟಬಹುದು.

ನಮ್ಮದೇ ಅಕ್ಷರವೊಂದು ಈ ಪ್ರಶ್ನೆಯೊಳಗೆ ಸಿಕ್ಕಿಕೊಂಡಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು 5ನೆಯ ಶತಮಾನದ ಶಾಸನದಲ್ಲಿ ‘ಬಾಳ್ಗೞ್ಚು’ ಎಂಬ ಪದವಿದೆ. ಅದರಲ್ಲಿರುವ ೞ ಹಳಗನ್ನಡದ ಅಕ್ಷರ. ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿ ಇಂದಿಗೂ ಉಚ್ಚರಿಸುವ ಧ್ವನಿ ಅದೇ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಮತ್ತು ಹೆಸರು ಕೊಡುವ ಯೂನಿಕೋಡ್‌ನಲ್ಲಿ ಈ ಅಕ್ಷರಕ್ಕೆ ‘ಕನ್ನಡ ಲೆಟರ್ ಎಫ್‌ಎ’ ಎಂಬ ಹೆಸರು ಬಿದ್ದಿದೆ. ‘ಫ’ಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ, ಅದು ಶುದ್ಧ ತಪ್ಪು. ಆದರೆ 1996ರ ಎರಡನೆಯ ಆವೃತ್ತಿಯಿಂದ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬ ನಿಯಮವನ್ನು ಯೂನಿಕೋಡ್ ಪಾಲಿಸುತ್ತ ಬಂದಿದೆ, ಏಕೆಂದರೆ ಪ್ರೋಗ್ರಾಮುಗಳು ಆ ಹೆಸರನ್ನೇ ಕೀಲಿಯಾಗಿ ಬಳಸುತ್ತವೆ. ತಪ್ಪು ಹೆಸರು ಹಾಗೆಯೇ ಉಳಿದು, ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಹೆಸರು ಅಧಿಕೃತ ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿತು. ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಅಕ್ಷರದ ಹೆಸರು ಕೇಳಿದರೆ ಇಂದಿಗೂ ‘ಎಫ್‌ಎ’ ಎಂಬ ಉತ್ತರವೇ ಬರುತ್ತದೆ. ಸರಿಯಾದ ಹೆಸರು ಕೊಟ್ಟು ಅಕ್ಷರವನ್ನು ಹುಡುಕಿದರೆ 3.3ನೆಯ ಆವೃತ್ತಿಯಿಂದ ಅದೂ ಸಿಗುತ್ತದೆ. ಮೊದಲ ಸಲ ಇದನ್ನು ಕಂಡಾಗ ಕನ್ನಡಿಗನಾಗಿ ನನಗೆ ನೋವಾಯಿತು. ಪ್ರೋಗ್ರಾಮರ್ ಆಗಿ ಯೋಚಿಸಿದಾಗ ಅವರು ಮಾಡಿದ್ದೇ ಸರಿ ಎನ್ನಿಸಿತು, ಆ ನೋವು ಮಾತ್ರ ಪೂರ್ತಿ ಹೋಗಲಿಲ್ಲ.

ಊರಿನ ಹೆಸರುಗಳಲ್ಲಿಯೂ ಇದನ್ನು ಕಂಡಿದ್ದೇವೆ. ನವೆಂಬರ್ 1, 2014ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಿದಾಗ ‘ಚಿಕ್‌ಮಗಳೂರ್’ ಹೋಗಿ ಚಿಕ್ಕಮಗಳೂರು ಬಂತು. ಅದು ಆಗಬೇಕಾದ ಕೆಲಸವೇ ಆಗಿತ್ತು. ವಾಹನಗಳ ಮೇಲಿನ ಕೆಎ 18 ಮಾತ್ರ ಬದಲಾಗಲಿಲ್ಲ, ಬದಲಾಗುವ ಅಗತ್ಯವೂ ಇರಲಿಲ್ಲ. ಅದು ಅಲ್ಲಿನ ವಾಹನ ನೋಂದಣಿ ಕಚೇರಿಯನ್ನು ಗುರುತಿಸುವ ಸಂಖ್ಯೆಯೇ ಹೊರತು ಓದಿ ಆನಂದಿಸುವ ಹೆಸರಲ್ಲ. ಜಿಲ್ಲೆಯನ್ನು ಸಂಕೇತದಿಂದ ಗುರುತಿಸಿದ ಪ್ರೋಗ್ರಾಮುಗಳು ಒಂದು ಸಾಲು ತಿದ್ದಿಕೊಂಡು ಮುಂದೆ ನಡೆದವು. ನನ್ನ ಪ್ರೋಗ್ರಾಮಿನಂತೆ ಇಂಗ್ಲಿಷ್ ಹೆಸರನ್ನೇ ದಾಖಲೆಯಲ್ಲಿ ತುಂಬಿಕೊಂಡವುಗಳಲ್ಲಿ ಒಂದೇ ಜಿಲ್ಲೆ ಎರಡಾಗಿ ಕಾಣಿಸಿತು. ಫಂಕ್ಷನ್ನಿನ ಕಷ್ಟವಿರುವುದು ಇಲ್ಲಿಯೇ: ಮನುಷ್ಯರು ಓದುವ ಹೆಸರೂ ಅದೇ, ಯಂತ್ರ ಹಿಡಿಯುವ ಕೀಲಿಯೂ ಅದೇ. ಎರಡನ್ನೂ ಬೇರ್ಪಡಿಸುವ ಸೌಕರ್ಯ ಅಲ್ಲಿಲ್ಲ.

ಇಷ್ಟನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಒಂದು ಕಡೆಗೆ ವಾಲಿದೆ, ಅದನ್ನು ಮುಚ್ಚಿಡುವುದಿಲ್ಲ. ಹೆಸರು ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಮಾತ್ರ ಹಳೆಯದನ್ನು ಕಿತ್ತುಹಾಕಬಾರದು. ಒಳ್ಳೆಯ ಹೆಸರಿನ ಲಾಭ ಮುಂದೆ ಬರುವ ಅನೇಕರಿಗೆ ಸ್ವಲ್ಪಸ್ವಲ್ಪವಾಗಿ ಹಂಚಿಹೋಗುತ್ತದೆ. ಕಿತ್ತುಹಾಕಿದ ನಷ್ಟ ಇಂದು ಬಳಸುತ್ತಿರುವ ಕೆಲವರ ಮೇಲೆ ಒಮ್ಮೆಲೇ ಬೀಳುತ್ತದೆ, ಮತ್ತು ಆ ಕೆಲವರು ಚರ್ಚೆ ನಡೆಯುವ ಜಾಗದಲ್ಲಿ ಇರುವುದೇ ಇಲ್ಲ. ಕ್ಯೂರಿಂಗ್ ವರ್ಕ್ಸ್‌ನ ಗುಮಾಸ್ತರಿಗೆ ಇಂಪ್ಲೋಡ್ ಎಂಬ ಪದವನ್ನು ಕೇಳುವ ಅಗತ್ಯ ಎಂದೂ ಬಂದಿರಲಿಲ್ಲ. ಅಪಾಯವಿದ್ದಲ್ಲಿ ಮಾತು ಬೇರೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನೊಡನೆ ವ್ಯವಹರಿಸುವ ಪಿಎಚ್‌ಪಿಯ ಹಳೆಯ ಫಂಕ್ಷನ್‌ಗಳನ್ನು 2013ರಲ್ಲಿ ಎಚ್ಚರಿಕೆಗೆ ಒಳಪಡಿಸಿ 2015ರಲ್ಲಿ ತೆಗೆದುಹಾಕಿದಾಗ ಇದೇ ಪ್ರೋಗ್ರಾಮಿನ ಡೇಟಾಬೇಸ್ ಭಾಗವನ್ನು ನಾನು ಹದಿನೈದು ದಿನ ಕೂತು ಮತ್ತೆ ಬರೆದೆ, ಮತ್ತು ಅದರ ಬಗ್ಗೆ ನನಗೆ ಬೇಸರವಿಲ್ಲ. ಬಳಕೆದಾರರು ಟೈಪ್ ಮಾಡಿದ ಮಾತನ್ನು ಆಜ್ಞೆಯಿಂದ ಬೇರೆಯಾಗಿಡುವ ಸುರಕ್ಷಿತ ವಿಧಾನಕ್ಕೆ ಆ ಹಳೆಯ ಫಂಕ್ಷನ್‌ಗಳಲ್ಲಿ ಜಾಗವಿರಲಿಲ್ಲ. ಪೈಥಾನ್ 2023ರ 3.12ರಲ್ಲಿ ‘ಅಸರ್ಟ್‌ಈಕ್ವಲ್’ಗಿದ್ದ ‘ಅಸರ್ಟ್‌ಈಕ್ವಲ್ಸ್’ ಎಂಬ ಪರ್ಯಾಯ ಹೆಸರನ್ನು ತೆಗೆದದ್ದನ್ನು ಮಾತ್ರ ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಕೊನೆಯ ಒಂದು ಅಕ್ಷರವಷ್ಟೇ ಹೆಚ್ಚಿದ್ದ ಆ ಹೆಸರಿನಿಂದ ಯಾರಿಗೂ ಅಪಾಯವಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಚ್ಚರಿಕೆ ಕೊಟ್ಟಿದ್ದರು ಎಂಬುದು ಅವರ ಪರವಾದ ಮಾತು, ಅದನ್ನು ನಾನು ಗೌರವಿಸುತ್ತೇನೆ.

ಎಚ್ಚರಿಕೆಯ ಅವಧಿಯನ್ನು ಆವೃತ್ತಿಗಳಲ್ಲಿ ಎಣಿಸುವ ಬದಲು ಬಳಸುವವರ ಕಾಲದಲ್ಲಿ ಎಣಿಸಬೇಕು. ಇಂಪ್ಲೋಡ್‌ನ ಎಚ್ಚರಿಕೆ ಒಂದು ಆವೃತ್ತಿಯಲ್ಲಿ, ಒಂದು ವರ್ಷ ಇತ್ತು. ವರ್ಷಕ್ಕೊಮ್ಮೆ ನಡೆಯುವ ಪುಟಕ್ಕೆ, ಎಲ್ಲವೂ ಸರಿಯಾಗಿದ್ದರೂ, ಅದು ಒಂದೇ ಒಂದು ಸಲ ಕಾಣುತ್ತಿತ್ತು.

ಅಂದು ಆ ಸಾಲನ್ನು ತಿದ್ದಿದ ಮೇಲೆ ಉಳಿದ ಕೋಡ್‌ನಲ್ಲಿ ಇಂಪ್ಲೋಡ್ ಇದ್ದ ಕಡೆಯೆಲ್ಲ ಹುಡುಕಿದೆ. ಇನ್ನೂ ಮೂರು ಕಡೆ ಅದೇ ಕ್ರಮ ಸಿಕ್ಕಿತು, ಮೂರೂ ವರ್ಷಕ್ಕೊಮ್ಮೆ ತೆರೆಯುವ ಪುಟಗಳೇ. ಅಂದಿನಿಂದ ಪ್ರತಿ ವರ್ಷ ಆಗಸ್ಟ್‌ನಲ್ಲಿ, ತೋಟಗಳಲ್ಲಿ ಮಳೆ ಸುರಿಯುತ್ತ ಕಣಗಳು ಖಾಲಿಯಿರುವ ಹೊತ್ತಿನಲ್ಲಿ, ಮುಂದಿನ ಪಿಎಚ್‌ಪಿ ಆವೃತ್ತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ, ಹಿಂದಿನ ಹಂಗಾಮಿನ ದಾಖಲೆಗಳ ಮೇಲೆ ಎಲ್ಲ ಪಟ್ಟಿಗಳನ್ನೂ ಒಮ್ಮೆ ತೆಗೆದು, ಗುಮಾಸ್ತರ ಜೊತೆ ಕೂತು ಒಂದೊಂದೇ ಸಾಲು ತಾಳೆ ನೋಡುತ್ತೇನೆ.